ಪಟೇಲರ ಮನೆಯ ಕೋವಿ

೧೯೪೦, ಅಕ್ಟೋಬರ್ ೧೨, ಶನಿವಾರ

ಕೊಟ್ಟಿಗೆಯ ಬಾಗಿಲು ತೆಗೆಯುವ ಮೊದಲೇ ಕೆಲಸದ ಸಣ್ಣಕ್ಕ ಏದುಸಿರು ಬಿಡುತ್ತಾ ಬಂದು, ನಮ್ಮ ಗೆಣಸಿನ ಹೊಲ ನೋಡಬೇಕು ಬನ್ನಿ ಎಂದು ಕರೆದುಕೊಂಡು ಹೋದಳು. ನಿನ್ನೆ ಸಂಜೆ ಬಳ್ಳಿ ಹಬ್ಬಿ ಹಸಿರಾಗಿದ್ದ ಜಾಗವನ್ನು ಯಾರೋ ಹುಚ್ಚು ಹಿಡಿದು ಅಗೆದು ಹಾಕಿದ ಹಾಗಿತ್ತು. ಕಾಡುಹಂದಿ ಬರುತ್ತವೆ, ತಿನ್ನುತ್ತವೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಒಂದು ಮನೆಯವರ ನಾಲ್ಕು ತಿಂಗಳ ಊಟವನ್ನು ಒಂದೇ ರಾತ್ರಿಯಲ್ಲಿ ಹೀಗೆ ಮಣ್ಣುಪಾಲು ಮಾಡುತ್ತವೆ ಎಂದು ಗೊತ್ತಿರಲಿಲ್ಲ.

ಸಣ್ಣಕ್ಕ ಅಳಲಿಲ್ಲ. ಹಂದಿ ಕಚ್ಚಿ ಬಿಟ್ಟ ಗೆಣಸುಗಳನ್ನು ಸೆರಗಿಗೆ ಆರಿಸಿಕೊಳ್ಳುತ್ತಿದ್ದಳು. ಅವಳ ಗಂಡ ಮೂಡ್ಲಗಿರಿಗೌಡ ಕುಕ್ಕರಗಾಲಿನಲ್ಲಿ ಕುಳಿತು ಗೊರಸಿನ ಗುರುತನ್ನು ಬೆರಳಿನಿಂದ ಅಳೆದ. ಹದಿನೈದಕ್ಕೆ ಕಡಿಮೆಯಿಲ್ಲ, ಅದರಲ್ಲಿ ಒಂದು ಮಾತ್ರ ಕರುವಿನಷ್ಟು ದೊಡ್ಡದು ಎಂದ. ಅವರ ಹೊಲ ದಾಟಿದರೆ ನಮ್ಮ ರಾಗಿ, ಅದರಾಚೆ ಅಂಗಡಿ ಪಂಚಾಕ್ಷರಯ್ಯನ ರಾಗಿ. ತೆನೆ ಇನ್ನೂ ಹಾಲುಗಟ್ಟುತ್ತಿದೆ. ಗೆಣಸು ಮುಗಿಯಿತು, ಮುಂದೆ ಎಲ್ಲಿಗೆ ಬರುತ್ತವೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಾವು ಜೈನರು ನೆಲದೊಳಗಿನ ಗೆಡ್ಡೆ ತಿನ್ನುವುದಿಲ್ಲ. ಹಂದಿಗಳಿಗೆ ಆ ನಿಯಮವನ್ನು ಯಾರೂ ಕೊಟ್ಟಿಲ್ಲ.

ಇವತ್ತಿನ ತಪ್ಪುಗಳು: ಹೊಲಕ್ಕೆ ಹೋಗುವ ಅವಸರದಲ್ಲಿ ಇರುವೆ ಸಾಲನ್ನು ತುಳಿದೆ. ದೀಪಕ್ಕೆ ಮುಚ್ಚಳ ಹಾಕುವುದು ಮರೆತು ಎರಡು ಹುಳು ಬಿದ್ದವು.

ಅಕ್ಟೋಬರ್ ೧೬, ಬುಧವಾರ

ನಮ್ಮ ಮನೆಗೆ ಕೋವಿ ಬಂದಿದೆ. ಬರೆದ ಮೇಲೂ ನಂಬಿಕೆ ಬರುತ್ತಿಲ್ಲ. ಹೊತ್ತು ಮುಳುಗಿದ ಮೇಲೆ ಊಟ ಮಾಡದ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಮನೆ. ದೇವರ ಕೋಣೆಯ ಪಕ್ಕದ ಕೋಣೆಯಲ್ಲಿ ಈಗ ಅದು ಗೋಡೆಗೆ ಒರಗಿಕೊಂಡು ನಿಂತಿದೆ.

ಊರಿನವರು ಬೆಳೆ ಕಾಯಲು ಕೋವಿ ಬೇಕೆಂದು ಚನ್ನರಾಯಪಟ್ಟಣದ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಆ ಅರ್ಜಿಯನ್ನು ಬರೆದವಳು ನಾನೇ. ನಮ್ಮ ಯಜಮಾನರು ಊರಿನ ಪಟೇಲರು, ಆದರೆ ಅವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ. ಆದ್ದರಿಂದ ಕಚೇರಿಗೆ ಹೋಗುವ ಕಾಗದಗಳೆಲ್ಲ ನನ್ನ ಕೈಬರಹ. ಕೋವಿ ಕೊಟ್ಟರೆ ಊರಿಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಲೈಸೆನ್ಸಿನಲ್ಲಿ ‘ಪಟೇಲ್ ಆದಿರಾಜಯ್ಯ’ ಎಂದಿದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು, ಬರೆಯಲು ಅಡ್ಡಿಯಿಲ್ಲ.

ಮದ್ದನ್ನೂ ಗುಂಡನ್ನೂ ಬಿಡಿಯಾಗಿ ಯಾರ ಕೈಗೂ ಕೊಡಕೂಡದಂತೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಸಂಜೆಗೆ ಒಂದು ಸಲದ ಮದ್ದು ತುಂಬಿ ಕೊಡಬೇಕು, ಬೆಳಿಗ್ಗೆ ವಾಪಸು ಪಡೆಯಬೇಕು. ಹೊಲ ಕಾಯುವುದಕ್ಕೆ ಮೂಡ್ಲಗಿರಿಯನ್ನು ಒಪ್ಪಿಸಿದ್ದಾರೆ. ಅವನ ಅಪ್ಪ ದೊಡ್ಡ ಬೇಟೆಗಾರ, ಇವನ ಗುರಿಯೂ ತಪ್ಪುವುದಿಲ್ಲ ಎಂದು ಹೆಸರಿದೆ.

ತುಂಬುವವರು ಯಾರು ಎಂದು ಕೇಳಿದೆ. ಕೋವಿ ಕೊಡುವ ಹೊತ್ತೂ ತಾವು ಸಾಮಾಯಿಕಕ್ಕೆ ಕೂರುವ ಹೊತ್ತೂ ಒಂದೇ, ಧ್ಯಾನಕ್ಕೆ ಕೂತವರು ಮದ್ದು ಮುಟ್ಟುವುದು ಹೇಗೆ ಎಂದು ಇವರು ನನ್ನ ಕಡೆ ನೋಡಿದರು. ಇವರ ವ್ರತ ಹೀಗೆ ಸುಲಭವಾಗಿ ಉಳಿಯಿತು.

ಅಕ್ಟೋಬರ್ ೧೭, ಗುರುವಾರ

ಮಧ್ಯಾಹ್ನ ಮೂಡ್ಲಗಿರಿ ಜಗುಲಿಯಲ್ಲಿ ಕುಳಿತು ಹೇಳಿಕೊಟ್ಟ. ಮೊದಲು ಅಳತೆ ಮದ್ದು. ಅದರ ಮೇಲೆ ತೆಂಗಿನ ನಾರಿನ ಉಂಡೆ, ಗಜ ಎನ್ನುವ ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಗಿಡಿಯಬೇಕು. ಆಮೇಲೆ ಸೀಸದ ಗುಂಡು, ಅದರ ಮೇಲೆ ಮತ್ತೆ ನಾರು. ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಅವನು ಹೊಲದಲ್ಲೇ ಸಿಕ್ಕಿಸಿಕೊಳ್ಳುತ್ತಾನೆ. ಉಪ್ಪಿನಕಾಯಿ ಜಾಡಿ ತುಂಬುವುದಕ್ಕಿಂತ ಸುಲಭ. ನಾನು ಬೇಗ ಕಲಿತದ್ದನ್ನು ನೋಡಿ ಅವನು, ಅಮ್ಮಾವ್ರ ಕೈ ಬೇಟೆಯವರ ಕೈ ಇದ್ದಂಗದೆ ಎಂದ. ಹೊಗಳಿಕೆ ಎಂದು ತಿಳಿದಿರಬೇಕು ಪಾಪ.

ಈ ವರ್ಷದ ಮೊದಲಲ್ಲಿ ಬೆಳಗೊಳದ ಮಸ್ತಕಾಭಿಷೇಕಕ್ಕೆ ಹೋಗಿದ್ದಾಗ ಬೆಟ್ಟದ ಮೇಲೆ ಸಂನ್ಯಾಸ ತೆಗೆದುಕೊಂಡ ವೃದ್ಧ ಆರ್ಯಿಕೆಯೊಬ್ಬರ ಮುಂದೆ ಕೈಮುಗಿದು, ತಿಳಿದೂ ತಿಳಿದೂ ನನ್ನ ಕೈಯಿಂದ ಒಂದು ಜೀವ ಹೋಗದು ಎಂದು ಮಾತು ಕೊಟ್ಟಿದ್ದೇನೆ. ತಿಳಿಯದೆ ಆದ ತಪ್ಪುಗಳನ್ನು ದಿನವೂ ಬರೆದಿಡು ಎಂದು ಅವರೇ ಹೇಳಿದರು. ಈ ಪುಸ್ತಕ ಇರುವುದೇ ಅದಕ್ಕೆ. ಊರಿಗೆ ಬಂದು ಸಣ್ಣಕ್ಕನಿಗೂ ಹೇಳಿದ್ದೆ. ಅವಳು, ಸೊಳ್ಳೆ ಹೊಡೆಯೋದೂ ಇಲ್ವಾ ಎಂದು ನಕ್ಕಿದ್ದಳು.

ಸಂಜೆ ಇವರು ಸಾಮಾಯಿಕಕ್ಕೆ ಕುಳಿತರು. ನಾನು ಮದ್ದು ಹಾಕಿದೆ, ನಾರು ಹಾಕಿದೆ, ಗಿಡಿದೆ. ಗುಂಡು ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಹಾಕಲಿಲ್ಲ. ಅದರ ಮೇಲಿನ ನಾರನ್ನು ಮಾತ್ರ ಹಾಕಿ ಗಿಡಿದು ಕೊಟ್ಟೆ. ಹಂದಿ ಓಡಬೇಕು, ಅಷ್ಟೇ ತಾನೆ? ಸದ್ದು ಸಾಲದೆ?

ಮೂಡ್ಲಗಿರಿ ಬಾಗಿಲಲ್ಲಿ ನಿಂತು ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡಿದ. ಗುಂಡಿದ್ದ ಮುಷ್ಟಿಯನ್ನು ಸೆರಗಿನ ಮರೆಗೆ ಎಳೆದುಕೊಂಡೆ. ಅವನು ಗಜ ಹೊರಗೆಳೆದು, ಚೆನ್ನಾಗಿ ಗಿಡಿದಿದ್ದೀರಿ ಎಂದು ಹೇಳಿ ಹೊರಟುಹೋದ. ಗುಂಡನ್ನು ಬಾವಿಗೆ ಕೊಡ ಇಳಿಸುವಾಗ ಜೊತೆಗೇ ಇಳಿಸಿಬಿಟ್ಟೆ.

ಗುಂಡು ಸರಿಯಾಗಿ ಹಾಕಿದೆಯಾ ಎಂದು ಇವರು ಕೇಳಿದರು. ಹೂಂ ಎಂದೆ.

ಇವತ್ತಿನ ತಪ್ಪುಗಳು: ಕಸ ಗುಡಿಸುವಾಗ ಒಂದು ಜೇಡ.

ಅಕ್ಟೋಬರ್ ೨೦, ಭಾನುವಾರ

ಸದ್ದೇ ಸಾಕಾಯಿತು. ನಿನ್ನೆ ಹಂದಿಗಳು ರಾಗಿಯ ಬದುವಿನ ತನಕ ಬಂದಿದ್ದವಂತೆ. ಮೂಡ್ಲಗಿರಿ ಕಾವಲಿಗೆ ಕಟ್ಟಿದ ಅಟ್ಟಣೆಯ ಮೇಲಿನಿಂದ ಹೊಡೆದ. ಒಂದೇ ಢಮಾರಿಗೆ ಹಿಂಡಿಗೆ ಹಿಂಡೇ ಕೆರೆ ದಾಟಿ ಕುರುಚಲು ಗುಡ್ಡಕ್ಕೆ ಓಡಿತು. ರಾಗಿಗೆ ಒಂದು ತೆನೆಯ ನಷ್ಟವಿಲ್ಲ.

ಸಣ್ಣಕ್ಕ ಮಾತ್ರ ಹಂದಿ ಸಿಗುತ್ತದೆಂದು ಮಸಾಲೆ ಅರೆದಿಟ್ಟಿದ್ದಳಂತೆ. ಅದನ್ನು ಹುರುಳಿ ಸಾರಿಗೆ ಹಾಕಿಕೊಂಡೆವು ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಸ್ವಲ್ಪ ಹೆಚ್ಚಾಗಿಯೇ ನಕ್ಕಳು.

ಹಂದಿಯೂ ಉಳಿಯಿತು, ರಾಗಿಯೂ ಉಳಿಯಿತು, ಮಾತೂ ಉಳಿಯಿತು. ಊರಿನ ಗಂಡಸರು ಇಷ್ಟು ವರ್ಷ ತಲೆ ಕೆಡಿಸಿಕೊಂಡದ್ದನ್ನು ನಾನು ಒಂದು ಉಂಡೆ ನಾರಿನಲ್ಲಿ ಮುಗಿಸಿದೆ ಎಂದು ಒಳಗೊಳಗೆ ಹೆಮ್ಮೆಯಾಗುತ್ತಿದೆ. ಹೆಮ್ಮೆಯೂ ತಪ್ಪೇ. ಬರೆದಿದ್ದೇನೆ.

ಅಕ್ಟೋಬರ್ ೩೧, ಗುರುವಾರ

ಬೆಳಗಿನ ಜಾವ ಬಸದಿಯಲ್ಲಿ ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ. ಮನಸ್ಸು ಹಗುರವಾಗಿತ್ತು. ಇಷ್ಟು ದಿನಗಳಲ್ಲಿ ಕೋವಿ ಐದು ಸಲ ಹಾರಿದೆ, ಒಂದು ಜೀವವೂ ಹೋಗಿಲ್ಲ. ಮನೆಯಲ್ಲಿ ಕೋವಿ ಇಟ್ಟುಕೊಂಡು ಪೂಜೆಗೆ ಬರಲು ಸಂಕೋಚವಾಗುತ್ತದೆ ಎಂದು ದಾರಿಯಲ್ಲಿ ಇವರು ಹೇಳಿದರು. ಪಾಪ, ಇವರಿಗೆ ಹೇಳಿಬಿಡೋಣವೇ ಎನಿಸಿತು. ಹೇಳಿದರೆ ಲೈಸೆನ್ಸು ತಮ್ಮ ಹೆಸರಿನಲ್ಲಿದೆ, ಊರಿನವರಿಗೆ ಏನು ಉತ್ತರ ಕೊಡಲಿ ಎಂದು ಹೆದರಿ ಊಟ ಬಿಡುತ್ತಾರೆ. ಹೇಳಲಿಲ್ಲ.

ಇವತ್ತು ತಪ್ಪುಗಳಿಲ್ಲ.

ನವೆಂಬರ್ ೯, ಶನಿವಾರ

ಸಣ್ಣಕ್ಕನ ಮೈದುನ ದ್ಯಾವಣ್ಣ ಇವತ್ತು ಪಂಚಾಕ್ಷರಯ್ಯನ ಅಂಗಡಿಯ ಮುಂದೆ ಹೊಡೆದಾಡುವುದೊಂದು ಬಾಕಿ. ಒಂಬತ್ತು ಸಲ ಹೊಡೆದು ಒಂದು ಹಂದಿಯನ್ನೂ ಕೆಡವದ ಬೇಟೆಗಾರನನ್ನು ಈ ಸೀಮೆಯಲ್ಲೇ ಕಾಣೆ, ಮೂಡ್ಲಗಿರಿ ಕೋವಿ ಎತ್ತಿದರೆ ಹಂದಿಗಳು ಮುಂದೆ ಬಂದು ನಿಂತುಕೊಳ್ಳುತ್ತವೆ, ಅದೇ ಕ್ಷೇಮದ ಜಾಗ ಎಂದು ಪಂಚಾಕ್ಷರಯ್ಯ ಎಲ್ಲರೆದುರು ಆಡಿದನಂತೆ. ದ್ಯಾವಣ್ಣನಿಗೆ ಅಣ್ಣನೆಂದರೆ ಪ್ರಾಣ, ಇಪ್ಪತ್ತೈದು ವರ್ಷದ ಬಿಸಿರಕ್ತ ಬೇರೆ. ಮೂಡ್ಲಗಿರಿಯೇ ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದನಂತೆ.

ಸಂಜೆ ಕೋವಿಗೆ ಬಂದಾಗ ಕೇಳಿದೆ, ಬೇಜಾರಾಯಿತೇ ಎಂದು. ಅವನು ನೆಲ ನೋಡುತ್ತಾ, “ವಯಸ್ಸಾಯ್ತು ಅಮ್ಮಾವ್ರೇ, ಕಣ್ಣು ಮಂಜಾಗದೆ. ಆಡ್ಕಳ್ಳಿ ಬುಡಿ, ಆಡ್ಕಂಡ್ರೆ ಮೈ ಸವೆದೋಯ್ತದಾ,” ಎಂದ.

ನಲವತ್ತು ದಾಟಿಲ್ಲ ಅವನಿಗೆ. ಸ್ವಲ್ಪ ಕಸಿವಿಸಿಯಾಯಿತು, ನಿಜ. ಆದರೆ ಜನ ಆಡಿಕೊಂಡರೆ ಯಾರೂ ಸಾಯುವುದಿಲ್ಲ. ಗುಂಡು ಬಿದ್ದರೆ ಹಂದಿ ಸಾಯುತ್ತದೆ. ಇದರಲ್ಲಿ ಯಾವುದು ದೊಡ್ಡದು ಎಂದು ಯಾರನ್ನಾದರೂ ಕೇಳಲಿ.

ಬಾವಿಗೆ ಬಿದ್ದದ್ದು ಇವತ್ತಿಗೆ ಹತ್ತನೆಯ ಗುಂಡು.

ನವೆಂಬರ್ ೧೮, ಸೋಮವಾರ

ಆ ಕರುವಿನಷ್ಟು ದೊಡ್ಡ ಗಂಡುಹಂದಿ ಹಿಂಡು ಬಿಟ್ಟು ಒಂಟಿಯಾಗಿ ಬರಲು ಶುರುಮಾಡಿದೆ. ಪಂಚಾಕ್ಷರಯ್ಯನ ಕಾವಲಿನ ನಾಯಿಯ ಹೊಟ್ಟೆಯನ್ನು ಕೋರೆಯಿಂದ ಸೀಳಿತಂತೆ. ನಾಯಿಯನ್ನು ನೋಡಬೇಡಿ ಎಂದು ಸಣ್ಣಕ್ಕ ಹೇಳಿದರೂ ಹೋಗಿ ನೋಡಿದೆ. ಇಷ್ಟು ದಿನ ಮನಸ್ಸಿನಲ್ಲಿ ಅವನ್ನು ‘ನಮ್ಮ ಹಂದಿಗಳು’ ಎಂದುಕೊಳ್ಳುತ್ತಿದ್ದೆ. ಇದು ಅವುಗಳಲ್ಲಿ ಸೇರಿದ್ದಲ್ಲ ಎನಿಸುತ್ತದೆ.

ಸಂಜೆ ಮದ್ದನ್ನು ಅಳತೆಗಿಂತ ಸ್ವಲ್ಪ ಹೆಚ್ಚಾಗಿ ಹಾಕಿದೆ. ಸದ್ದು ದೊಡ್ಡದಾಗಲಿ. ಯುದ್ಧದಿಂದಾಗಿ ಮದ್ದು ಸಿಗುವುದು ಕಷ್ಟ, ಹಿಡಿದು ಬಳಸು ಎಂದು ಇವರು ಹೇಳಿದ್ದಾರೆ. ಇವರು ಕೇಳಿದಾಗ ಅಳತೆಗೆ ಸರಿಯಾಗಿ ಹಾಕಿದೆ ಎಂದೆ.

ತಪ್ಪುಗಳು: ನೊಣ ಒಂದು.

ನವೆಂಬರ್ ೨೬, ಮಂಗಳವಾರ

ರಾಗಿ ಕೊಯ್ಲಿಗೆ ಬಂದಿದೆ. ಇನ್ನೊಂದು ವಾರ ಕಾದರೆ ಮುಗಿಯಿತು, ಕೋವಿಯನ್ನು ಎಣ್ಣೆ ಒರೆಸಿ ಮೂಲೆಗೆ ಇಟ್ಟುಬಿಡಬಹುದು.

ಮೂಡ್ಲಗಿರಿ ಇವತ್ತು ಬೇಗ ಬಂದ. ಆ ಒಂಟಿ ಹಂದಿ ಈಗ ಸದ್ದಿಗೆ ಹೆದರುವುದಿಲ್ಲವಂತೆ. ತಲೆ ಎತ್ತಿ ಒಂದು ಸಲ ನೋಡಿ, ಮತ್ತೆ ಮೇಯುತ್ತದಂತೆ. ಹಗಲಲ್ಲೂ ಗುಡ್ಡಕ್ಕೆ ಹೋಗದೆ ರಾಗಿಯೊಳಗೇ ಎಲ್ಲೋ ಮಲಗುತ್ತಿದೆ ಎಂದು ಅವನ ಅನುಮಾನ. ಹೇಳುತ್ತಾ ಹೇಳುತ್ತಾ ಕಂಬಕ್ಕೆ ಆತುಕೊಂಡು ನಿಂತ. ಆಮೇಲೆ, “ಅಮ್ಮಾವ್ರೇ, ಆ ಒಂದಕ್ಕೆ ಮಾತ್ರ…” ಎಂದು ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಏನು ಹೇಳು ಎಂದೆ. ಏನಿಲ್ಲ ಬುಡಿ, ಒಂದು ವಾರ ತಾನೇ ಎಂದ.

ಇನ್ನೂ ಹೆಚ್ಚು ಮದ್ದು ಬೇಕಾಗಿತ್ತೋ ಏನೋ. ಕೇಳಲು ನಾಚಿಕೊಂಡಿರಬೇಕು.

ಒಳಗೆ ಹೋಗಿ ಗುಂಡನ್ನು ಕೈಯಲ್ಲಿ ಹಿಡಿದೆ. ಸುಳ್ಳು ಹೇಳುವುದಿಲ್ಲ, ನಳಿಗೆಯ ಬಾಯಿಯ ತನಕ ತಂದೆ. ಬೆಟ್ಟದ ಮೇಲಿನ ಆ ಮುದುಕಮ್ಮನ ಕಣ್ಣು ನೆನಪಾಯಿತು. ಒಂದು ವಾರ ತಾನೇ ಎಂದು ಅವನೇ ಅಂದನಲ್ಲ. ಮದ್ದು ಇನ್ನಷ್ಟು ಸುರಿದು ಕೊಟ್ಟೆ.

ಡಿಸೆಂಬರ್ ೩, ಮಂಗಳವಾರ

ಮೂಡ್ಲಗಿರಿ ಹೋದ.

ಡಿಸೆಂಬರ್ ೫, ಗುರುವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ. ಬರೆಯುತ್ತೇನೆ.

ಮಂಗಳವಾರ ನಮ್ಮ ರಾಗಿ ಕೊಯ್ಲು. ಬಿಸಿಲೇರುವ ಮೊದಲೇ ಎಂಟು ಹೆಂಗಸರು ಮೂಡಲ ಬದುವಿನಿಂದ ಸಾಲಾಗಿ ಕೊಯ್ಯಲು ಶುರುಮಾಡಿದ್ದರು. ಸಣ್ಣಕ್ಕ ಸಾಲಿನ ನಡುವೆ ಇದ್ದಳು, ತುದಿಯಲ್ಲಿ ನಂಜಮ್ಮ ಮುದುಕಿ. ನಾನು ಸೋಸಿದ ನೀರಿನ ಕೊಡ ಹೊತ್ತುಕೊಂಡು ಬದುವಿನ ಮೇಲೆ ಬರುತ್ತಿದ್ದೆ. ಮೂಡ್ಲಗಿರಿ ಅಟ್ಟಣೆಯಿಂದ ಇಳಿದು, ಕೋವಿ ಕೊಟ್ಟು ಹೋಗೋಣವೆಂದು ನನ್ನ ಕಡೆಗೇ ಬರುತ್ತಿದ್ದ. ರಾತ್ರಿ ಹೊಡೆದಿರಲಿಲ್ಲ, ಆದ್ದರಿಂದ ಕೋವಿ ನಾನು ತುಂಬಿಕೊಟ್ಟ ಹಾಗೇ ಇತ್ತು.

ಕೊಯ್ಯದ ರಾಗಿ ಒಂದು ಕಡೆ ಅಲ್ಲಾಡಿತು. ಗಾಳಿ ಎಂದುಕೊಂಡೆ. ಅದು ಹೊರಗೆ ಬಂದಾಗ ಮೊದಲು ನನಗೆ ಹಂದಿ ಎಂದು ತಿಳಿಯಲೇ ಇಲ್ಲ, ಕಪ್ಪು ಎಮ್ಮೆಗರು ಎಂದುಕೊಂಡೆ. ಅದು ನೇರವಾಗಿ ಹೆಂಗಸರ ಕಡೆಗೆ ಓಡಿತು. ನಂಜಮ್ಮ ಕುಡುಗೋಲು ಹಿಡಿದುಕೊಂಡೇ ಕುಸಿದು ಕುಳಿತಳು. ಮೂಡ್ಲಗಿರಿ ಬದುವಿನಿಂದ ಹಾರಿ ಅದಕ್ಕೂ ಅವರಿಗೂ ನಡುವೆ ಹೋಗಿ ನಿಂತ. ಓಡಿ ಎಂದು ಕೂಗಿದ. ಹಂದಿ ಅವನತ್ತ ತಿರುಗಿತು. ನಾಲ್ಕು ಮಾರು ಇತ್ತೋ ಇಲ್ಲವೋ, ಆ ದೂರದಿಂದ ಅದರ ಮುಖಕ್ಕೇ ಹಿಡಿದು ಹೊಡೆದ.

ಅಂಥ ಸದ್ದನ್ನು ನಾನು ಕೇಳಿಲ್ಲ. ಮದ್ದು ಸುರಿದವಳು ನಾನೇ. ಹೊಗೆ ಮುಚ್ಚಿಕೊಂಡಿತು. ಸತ್ತಿತು ಎಂದು ಯಾರೋ ಕೂಗಿದರು. ಸಾಯುವುದಿಲ್ಲ ಎಂದು ಆ ಬಯಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹಂದಿ ಹೊಗೆಯೊಳಗಿನಿಂದ ಹೊರಗೆ ಬಂತು.

ಮೂಡ್ಲಗಿರಿಯ ತೊಡೆಯನ್ನು ಸೀಳಿ ಹಾಕಿ ಗುಡ್ಡದ ಕಡೆಗೆ ಓಡಿಹೋಯಿತು. ಸಣ್ಣಕ್ಕ ಸೀರೆ ಹರಿದು ಕಟ್ಟಿದಳು. ರಕ್ತ ನಿಲ್ಲಲಿಲ್ಲ. ನಾನು ನೀರಿನ ಕೊಡವನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ. ಅವನ ತಲೆಯನ್ನು ಹಿಡಿದುಕೊಂಡಿದ್ದೆ ಎಂದು ಆಮೇಲೆ ಯಾರೋ ಹೇಳಿದರು. ಚನ್ನರಾಯಪಟ್ಟಣದ ಆಸ್ಪತ್ರೆಗೆ ಗಾಡಿ ಕಟ್ಟಿದರು. ನಮ್ಮ ಕೆರೆ ಏರಿ ದಾಟುವ ಹೊತ್ತಿಗೇ ಮುಗಿದುಹೋಗಿತ್ತು.

ಗುಂಡಿದೆ ಎಂದು ನಂಬಿ ಅವನು ಎದುರು ನಿಂತ. ಇಲ್ಲವೆಂದು ಗೊತ್ತಿದ್ದರೆ ನಿಲ್ಲುತ್ತಿರಲಿಲ್ಲ. ನನ್ನ ಕೈಯಿಂದ ಒಂದು ಜೀವ ಹೋಗದು ಎಂದಿದ್ದೆ.

ಡಿಸೆಂಬರ್ ೭, ಶನಿವಾರ

ಕಚೇರಿಗೆ ಕೋವಿಯ ವಿಷಯ ವರದಿ ಮಾಡಬೇಕು. ಇವರು ಮಧ್ಯಾಹ್ನ ಹಲಗೆ, ಮಸಿ, ಕಾಗದ ತಂದು ನನ್ನ ಮುಂದಿಟ್ಟರು. ಹೇಳುತ್ತಾ ಹೋದರು, ಬರೆಯುತ್ತಾ ಹೋದೆ. ‘ಸದರಿ ಮೂಡ್ಲಗಿರಿಗೌಡನು ಅತಿ ಸಮೀಪದಿಂದ ಹೊಡೆದಾಗ್ಯೂ ಗುರಿ ತಪ್ಪಿದ್ದರಿಂದ’ ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಗುರಿ ತಪ್ಪಿತೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಹಂದಿಯ ಮೈಮೇಲೆ ಗಾಯವಿರಲಿಲ್ಲ, ಎಂಟು ಜನ ನೋಡಿದ್ದಾರೆ, ನೀನೂ ನೋಡಿದ್ದೀಯ, ಮತ್ತೇನು ಬರೆಸಲಿ ಎಂದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇವರ ಕಣ್ಣು ಕೂಡ ಎರಡು ದಿನದಿಂದ ಕೆಂಪಾಗಿದೆ.

ಆಗ ಹೇಳಬೇಕಾಗಿತ್ತು. ಇವರ ಪಟೇಲಿಕೆ, ಇವರ ಹೆಸರು, ಜೈಲು, ಏನೇನೋ ಕಣ್ಣ ಮುಂದೆ ಬಂತು. ‘ಗುರಿ ತಪ್ಪಿದ್ದರಿಂದ’ ಎಂದು ನನ್ನ ಈ ಚೆಂದದ ಅಕ್ಷರದಲ್ಲೇ ಬರೆದೆ.

ಡಿಸೆಂಬರ್ ೧೧, ಬುಧವಾರ

ಊರಿನ ಬಾಯಿಗೆ ಬೀಗವಿಲ್ಲ. ಪಂಚಾಕ್ಷರಯ್ಯ ಕೆಟ್ಟವನೇನಲ್ಲ, ಹೆಣಕ್ಕೆ ಹೆಗಲು ಕೊಟ್ಟವನು, ಸಣ್ಣಕ್ಕನ ಮನೆಗೆ ರಾಗಿ ಕಳಿಸಿದವನು. ಆದರೂ ಅಂಗಡಿಯ ಮುಂದೆ ಅದೇ ಮಾತು. ನಾಲ್ಕು ಮಾರಿನಿಂದ ಎಮ್ಮೆಯಷ್ಟು ದೊಡ್ಡದಕ್ಕೆ ಹೊಡೆಯಲಾರದವನ ಕೈಗೆ ಊರು ಕೋವಿ ಕೊಟ್ಟಿತಲ್ಲ, ಕೈ ನಡುಗುತ್ತಿತ್ತೇನೋ, ಕುಡಿದಿದ್ದನೇನೋ. ಅವನು ಹೆಂಡ ಮುಟ್ಟಿದವನಲ್ಲ. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ದ್ಯಾವಣ್ಣ ಈಗ ಜಗಳಕ್ಕೆ ಹೋಗುತ್ತಿಲ್ಲವಂತೆ. ಅಂಗಡಿಯ ಬೀದಿಯನ್ನೇ ಬಿಟ್ಟು ಕೆರೆಯ ಕಡೆಯಿಂದ ಸುತ್ತಿಕೊಂಡು ಓಡಾಡುತ್ತಾನಂತೆ.

ರಾತ್ರಿ ನಿದ್ದೆ ಇಲ್ಲ. ಬಾವಿಯ ನೀರು ಕುಡಿಯಲು ಆಗುತ್ತಿಲ್ಲ.

ಡಿಸೆಂಬರ್ ೧೫, ಭಾನುವಾರ

ಹನ್ನೊಂದನೆಯ ದಿನದ ಕಾರ್ಯ ಮುಗಿಸಿಕೊಂಡು ಸಣ್ಣಕ್ಕ ಇವತ್ತು ಕೆಲಸಕ್ಕೆ ಬಂದಳು. ಬರಬೇಡ ಎಂದು ಹೇಳಿ ಕಳಿಸಿದ್ದೆ. ಕೊಟ್ಟಿಗೆ ಬಳಿದಳು, ಸಗಣಿ ಎತ್ತಿದಳು, ಕೈ ತೊಳೆದುಕೊಂಡು ಹಿತ್ತಲ ಬಾಗಿಲಲ್ಲಿ ಕುಳಿತಳು. ನಾನು ಅಕ್ಕಿ ಕೇರುತ್ತಿದ್ದೆ. ಅವಳ ಬರೀ ಹಣೆ ನೋಡಲಾರದೆ ಮೊರದಲ್ಲೇ ಕಣ್ಣಿಟ್ಟಿದ್ದೆ.

ಪಂಚಾಕ್ಷರಯ್ಯನ ರಾಗಿ ಇನ್ನೂ ಕೊಯ್ದಿಲ್ಲ, ಹಂದಿ ಮತ್ತೆ ಬರುತ್ತಿದೆ, ಕಾಯುವುದಕ್ಕೆ ದ್ಯಾವಣ್ಣನನ್ನು ಒಪ್ಪಿಸಿದ್ದಾರೆ ಎಂದಳು. ಅಣ್ಣನ ಹೆಸರಿಗೆ ಬಂದ ಮಾತನ್ನು ತಾನು ತೊಳೆಯುತ್ತೇನೆ ಎಂದು ಅವನೂ ಹಟ ಹಿಡಿದಿದ್ದಾನಂತೆ. ಸಂಜೆಗೆ ಕೋವಿಗೆ ಬರುತ್ತಾನೆ. ಅಷ್ಟು ಹೇಳಿ ಸೆರಗಿನಿಂದ ಕೈ ಒರೆಸಿಕೊಂಡಳು.

“ಅಮ್ಮಾವ್ರೇ, ಇವತ್ತು ಕೋವೀಗೆ ಗುಂಡು ಆಕಿ.”

ನನ್ನ ಕೈ ನಿಂತಿತು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ಹಿಂಡಿ ಎಷ್ಟು ಹಾಕಲಿ ಎಂದು ಕೇಳುವ ಹಾಗೆಯೇ ಹೇಳಿದಳು.

“ನಮ್ಮೋರಿಗೆ ಗೊತ್ತಿತ್ತು. ಮೊದಲ್ನೇ ದಿವ್ಸವೇ ಗಜ ಬುಟ್ಟು ನೋಡುದ್ರಂತೆ, ಗುಂಡಿದ್ರೆ ಗಜ ಎಷ್ಟು ಮ್ಯಾಲೆ ನಿಲ್ಬೇಕೋ ಅಷ್ಟು ನಿಲ್ನಿಲ್ಲ ಅಂದ್ರು. ಮನೇಗೆ ಬಂದು ನಕ್ಕಂಡು ಏಳುದ್ರು. ಅಮ್ಮಾವ್ರು ಬೆಟ್ಟದ ಮ್ಯಾಲೆ ಮಾತು ಕೊಟ್ಟವ್ರೆ, ಸದ್ದಿಗೇ ಓಯ್ತವಲ್ಲ, ನೀನು ಯಾರ ತಾವೂ ಬಾಯಿ ಬುಡಬ್ಯಾಡ ಅಂದ್ರು. ನಾನು ಬುಡ್ನಿಲ್ಲ. ನಮ್ ದ್ಯಾವಣ್ಣಂಗೆ ಗೊತ್ತಿಲ್ಲ. ಇವ್ನು ಗುಂಡದೆ ಅಂತ್ಲೇ ಓಯ್ತಾನೆ. ಅದ್ಕೇ ಏಳ್ತಿವ್ನಿ.”

ಮೊರ ಯಾವಾಗ ಜಾರಿತೋ, ಅಕ್ಕಿ ನೆಲದ ತುಂಬ ಚೆಲ್ಲಿತ್ತು. ಎರಡು ತಿಂಗಳು ನಾನು ಊರಿಗೆಲ್ಲ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ನನ್ನ ಮೋಸವನ್ನು ತನ್ನ ಗುರಿಯ ಮೇಲೆ ಹಾಕಿಕೊಂಡು ಓಡಾಡುತ್ತಿದ್ದ. ಅಂಗಡಿಯ ಮುಂದೆ ನಗೆಗೀಡಾದ. ಕಣ್ಣು ಮಂಜಾಗದೆ ಎಂದು ನನ್ನೆದುರೇ ಹೇಳಿದ. ಇವಳು ಗಂಡನ ಮಾತು ಉಳಿಸಲು ಹನ್ನೆರಡು ದಿನ ಊರು ಅವನನ್ನು ಕುಡುಕ, ಕೈಲಾಗದವನು ಎನ್ನುವುದನ್ನು ಕೇಳಿಕೊಂಡೂ ಗುಟ್ಟು ಬಿಟ್ಟುಕೊಡಲಿಲ್ಲ.

ಗುಂಡಿಲ್ಲವೆಂದು ಗೊತ್ತಿದ್ದೂ ಯಾಕೆ ಎದುರು ಹೋಗಿ ನಿಂತ ಎಂದು ಕೇಳಿದೆ. ಕೇಳಲು ನನಗೆ ಯಾವ ಮುಖವಿತ್ತೋ, ಆದರೂ ಕೇಳಿದೆ.

“ಎಂಟು ಜನ ಎಂಗಸ್ರಿದ್ವಲ್ಲ ಅಮ್ಮಾವ್ರೇ,” ಎಂದು ಹೇಳಿ, ಅವಳು ನೆಲದ ಮೇಲಿನ ಅಕ್ಕಿಯನ್ನು ಗುಡ್ಡೆ ಮಾಡತೊಡಗಿದಳು. ನಾನೂ ಕೂತು ಆರಿಸಿದೆ. ಅತ್ತವಳು ನಾನು, ಅವಳಲ್ಲ. ಕ್ಷಮೆ ಕೇಳಲು ಬಾಯಿ ತೆರೆದಾಗ ಅವಳು, ಅದೆಲ್ಲ ಈಗ ಬೇಡ, ಸಂಜೆಗೆ ಗುಂಡು ಹಾಕಿ ಸಾಕು ಎಂದು ಎದ್ದು ಹೋದಳು.

ಹೊತ್ತು ಇಳಿಯಿತು. ಇವರು ಸಾಮಾಯಿಕಕ್ಕೆ ಕುಳಿತರು. ದ್ಯಾವಣ್ಣ ಬಂದು ಜಗುಲಿಯ ಕೆಳಗೆ ನಿಂತುಕೊಂಡ. ಪೆಟ್ಟಿಗೆ ತೆಗೆದು ಮದ್ದನ್ನು ಅಳತೆಗೆ ಸರಿಯಾಗಿ ಹಾಕಿದೆ. ನಾರು ಹಾಕಿ ಗಿಡಿದೆ. ಗುಂಡನ್ನು ಎರಡು ಸಲ ಕೈಜಾರಿ ಬೀಳಿಸಿದೆ. ಮೂರನೆಯ ಸಲ ಅದು ನಳಿಗೆಯೊಳಗೆ ಉರುಳಿಕೊಂಡು ಹೋದ ಸದ್ದು ಕೇಳಿಸಿತು. ಯಾವ ಹಂದಿಯ ಮುಖವೂ ಆಗ ನೆನಪಾಗಲಿಲ್ಲ. ಮೇಲೆ ನಾರು ಹಾಕಿ, ತೋಳು ನೋಯುವ ತನಕ ಗಿಡಿದೆ.

ಹೊರಗೆ ತಂದುಕೊಡುವ ಹೊತ್ತಿಗೆ ಕತ್ತಲಾಗುತ್ತಾ ಬಂದಿತ್ತು. ಇವರು ಸಾಮಾಯಿಕ ಮುಗಿಸಿ ಎದ್ದು ಬಂದು, ದ್ಯಾವಣ್ಣ ಇನ್ನೂ ಅಲ್ಲೇ ನಿಂತಿರುವುದನ್ನು ನೋಡಿ, ದಿನವೂ ಒಂದು ಗಳಿಗೆಯಲ್ಲಿ ಆಗುತ್ತಿತ್ತಲ್ಲ, ಇವತ್ತೇಕೆ ಇಷ್ಟು ತಡ ಎಂದು ಕೇಳಿದರು. ದ್ಯಾವಣ್ಣನ ಕೈ ಆಗಲೇ ಕೋವಿಯ ಮೇಲಿತ್ತು. ಅವನು ಹೊರಟುಹೋಗಲಿ, ಆಮೇಲೆ ಇವರಿಗೊಬ್ಬರಿಗೇ ಹೇಳಿದರಾಯಿತು ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ.

“ಗುಂಡು ಹಾಕುವುದು ಇವತ್ತೇ ಮೊದಲು. ಅದಕ್ಕೆ ತಡವಾಯಿತು,” ಎಂದೆ.

ಇವರಿಗೆ ಅರ್ಥವಾಗಲಿಲ್ಲ. ಅಕ್ಟೋಬರಿನಿಂದ ಒಂದು ದಿನವೂ ಗುಂಡು ಹಾಕಿಲ್ಲ, ಬರೀ ಮದ್ದು ತುಂಬಿ ಕೊಟ್ಟಿದ್ದೇನೆ, ಹಾಕದ ಗುಂಡುಗಳೆಲ್ಲ ಬಾವಿಯಲ್ಲಿವೆ, ಕಚೇರಿಗೆ ಕಳಿಸಿದ ವರದಿ ಸುಳ್ಳು ಎಂದು ಒಂದೊಂದಾಗಿ ಹೇಳಿದೆ. ಇವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ದ್ಯಾವಣ್ಣ ಮೊದಲು ಇವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ಸರಿಯೇ.

“ಅಂಗಾದ್ರೆ ನಮ್ಮಣ್ಣಂದು ಗುರಿ ತಪ್ಪಿರ್ನಿಲ್ವಾ?”

“ಇಲ್ಲಪ್ಪ. ನಿಮ್ಮಣ್ಣನ ಗುರಿ ಒಂದು ಸಲವೂ ತಪ್ಪಲಿಲ್ಲ.”

ಇನ್ನೊಂದು ಸಲ ಹೇಳಿ ಎಂದ. ಹೇಳಿದೆ. ಅವನು ಕೋವಿಯನ್ನು ಜಗುಲಿಯ ಕಂಬಕ್ಕೆ ಒರಗಿಸಿ ಇಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು, ಪಂಚಾಕ್ಷರಯ್ಯನ ಅಂಗಡಿಯ ಬೀದಿಗೆ ಹೋದ.